ಬೆನ್ನ ಹಿಂದೆ ಕಳ್ಳ, ಎದುರಿಗೆ ಗೆಳೆಯ

ಕೆಲವು ವಾರಗಳ ಹಿಂದೆ ನಮ್ಮ ಡಂಜನ್ಸ್ ಆ್ಯಂಡ್ ಡ್ರಾಗನ್ಸ್ ಗುಂಪಿಗೆ ಹೊಸಬಳೊಬ್ಬಳು ಸೇರಿದಳು. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಮಾತಿನಲ್ಲಿ ಕಥೆ ಕಟ್ಟುತ್ತಾ ದಾಳ ಉರುಳಿಸಿ ಆಡುವ ಆಟ ಇದು. ಇಂಥ ಆಟ ಹಿಂದೆಂದೂ ಆಡಿದವಳಲ್ಲ. ಯಾವ ಪಾತ್ರ ಬೇಕು ಅಂತ ಕೇಳಿದಾಗ ತಡಮಾಡದೆ ಕಳ್ಳ ಅಂದಳು. ನಾನು ಅವಳಿಗೆ ಲೆವೆಲ್ 3ರ ಒಂದು ರೋಗ್ ಪಾತ್ರ ಮಾಡಿಕೊಟ್ಟೆ. ಈಗಿನ ನಿಯಮಗಳಲ್ಲಿ ಕಳ್ಳನ ಹೆಸರು ಅದು. ಅವತ್ತಿನ ಕಥೆಯಲ್ಲಿ ಒಂದು ಕೋಟೆಯ ಅಂಗಳ. ನಡು ಮಧ್ಯಾಹ್ನ, ಮರೆಗೆ ಒಂದು ಕಂಬವೂ ಇಲ್ಲದ ಬಟಾಬಯಲು. ನಮ್ಮ ಫೈಟರ್, ಅಂದರೆ ಗುಂಪಿನಲ್ಲಿ ಕತ್ತಿ ಹಿಡಿದು ಕಾದಾಡುವವನು, ಓಗರ್ ಅನ್ನುವ ಒಬ್ಬ ದೈತ್ಯನ ಜೊತೆ ಸೆಣಸುತ್ತಿದ್ದ. ಇವಳು ನೇರವಾಗಿ ಓಡಿ ಬಂದು, ಅವನ ಪಕ್ಕದಲ್ಲೇ ನಿಂತು, ಕತ್ತಿಯಿಂದ ಚುಚ್ಚಿದಳು. ಏಟು ಬಿತ್ತು. ಗಾಯ ಎಷ್ಟು ಅಂತ ನೋಡುವುದಕ್ಕೆ ಕತ್ತಿಗೆ ಒಂದು ದಾಳ, ಸ್ನೀಕ್ ಅಟ್ಯಾಕ್ ಅನ್ನುವ ಕಳ್ಳನ ವಿಶೇಷ ಹೊಡೆತಕ್ಕೆ ಇನ್ನೆರಡು, ಒಟ್ಟು ಮೂರು ಉರುಳಿಸು ಅಂದೆ. ಉರುಳಿಸಿದಳು. ಚೆನ್ನಾಗಿಯೇ ಬಿತ್ತು. ಎಲ್ಲರೂ ಕೂಗಿದರು. ಅವಳೂ ನಕ್ಕಳು. ಆಮೇಲೆ ದಾಳಗಳನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು, "ಆದ್ರೆ ನಾನು ಅಡಗಲೇ ಇಲ್ವಲ್ಲ? ಅವನು ನನ್ನನ್ನ ನೋಡ್ತಾನೇ ಇದ್ದಾನೆ. ಇದರಲ್ಲಿ ಕಳ್ಳತನ ಎಲ್ಲಿದೆ?"

ನಿಯಮದಲ್ಲಿ ಏನಿದೆಯೋ ಅದನ್ನು ಹೇಳಿದೆ. ನೀನು ಹೊಡೆಯುವ ಶತ್ರುವಿನ ಐದು ಅಡಿ ಒಳಗೆ ಅವನ ಇನ್ನೊಬ್ಬ ವೈರಿ ಎಚ್ಚರವಾಗಿ ನಿಂತಿದ್ದರೆ ಸಾಕು, ಸ್ನೀಕ್ ಅಟ್ಯಾಕ್ ಸಿಗುತ್ತದೆ. ಅಡಗಬೇಕು ಅಂತೇನಿಲ್ಲ. ಅವಳು ತಲೆಯಾಡಿಸಿದಳು. ಆಟ ಮುಂದೆ ಹೋಯಿತು. ಆ ಪ್ರಶ್ನೆ ಮಾತ್ರ ನನ್ನ ಜೊತೆಯಲ್ಲೇ ಉಳಿಯಿತು. ನಾನು ಈ ಆಟಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಆಡಿರುವುದು ಕಳ್ಳನ ಪಾತ್ರವನ್ನೇ. ಹಳೆಯ ನಿಯಮಗಳಲ್ಲೂ ಆಡಿದ್ದೇನೆ, ಹೊಸದರಲ್ಲೂ ಆಡಿದ್ದೇನೆ. ಹೆಸರು ಹೆಚ್ಚುಕಮ್ಮಿ ಅದೇ, ಕೈಯಲ್ಲಿನ ಚೂರಿಯೂ ಅದೇ. ಜಗಳ ಶುರುವಾದ ಮೇಲೆ ಅವನು ಮಾಡುವ ಕೆಲಸ ಮಾತ್ರ ಪೂರ್ತಿ ಬೇರೆ. ಇದು ಯಾವಾಗ ಆಯಿತು, ಯಾಕೆ ಆಯಿತು, ಆಗಿದ್ದು ಒಳ್ಳೆಯದೇ ಅಂತ ಅವತ್ತಿನಿಂದ ಯೋಚಿಸುತ್ತಿದ್ದೇನೆ.

ಮೂರು ಹಿಟ್ ಪಾಯಿಂಟಿನ ಕಳ್ಳ

1974ರಲ್ಲಿ ಆಟ ಮೊದಲು ಬಂದಾಗ ಪೆಟ್ಟಿಗೆಯೊಳಗೆ ಕಳ್ಳ ಇರಲೇ ಇಲ್ಲ. ಕತ್ತಿ ಹಿಡಿಯುವವನು, ಮಂತ್ರ ಹಾಕುವವನು, ದೇವರ ಕೆಲಸ ಮಾಡುವ ಕ್ಲೆರಿಕ್, ಈ ಮೂವರೇ. ಥೀಫ್ ಬಂದದ್ದು 1975ರ ಗ್ರೇಹಾಕ್ ಅನ್ನುವ ಪೂರಕ ಪುಸ್ತಕದಲ್ಲಿ. ಅಲ್ಲಿಂದಲೇ ಅವನ ಹೊಡೆದಾಟದ ಗುಟ್ಟು ತೀರ್ಮಾನವಾಗಿತ್ತು. ಸದ್ದಿಲ್ಲದೆ ಬೆನ್ನ ಹಿಂದಿನಿಂದ ಹೊಡೆದರೆ ಏಟು ತಾಗುತ್ತದೆಯೇ ಅಂತ ನೋಡುವ ದಾಳಕ್ಕೆ 4 ಅಂಕ ಹೆಚ್ಚು, ಗಾಯ ಎರಡು ಪಟ್ಟು. ಲೆವೆಲ್ ಏರಿದ ಹಾಗೆ ಮೂರು ಪಟ್ಟು, ನಾಲ್ಕು ಪಟ್ಟು. ಇದಕ್ಕೇ ಬ್ಯಾಕ್‌ಸ್ಟ್ಯಾಬ್ ಅನ್ನುತ್ತಿದ್ದರು. ಇದನ್ನು ಬಿಟ್ಟರೆ ಜಗಳದಲ್ಲಿ ಅವನ ಕೈಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ.

ನಾನು ಹಳೆಯ ಕಳ್ಳನನ್ನು ಆಡಿದ್ದು 1981ರ ಬೇಸಿಕ್ ನಿಯಮಗಳಲ್ಲಿ. ಅದರ ಲೆಕ್ಕ ಈಗಲೂ ಬಾಯಿಗೇ ಬರುತ್ತದೆ. ಹಿಟ್ ಪಾಯಿಂಟ್‌ಗೆ, ಅಂದರೆ ಎಷ್ಟು ಗಾಯ ತಡೆದುಕೊಳ್ಳಬಹುದು ಅನ್ನುವುದಕ್ಕೆ, ನಾಲ್ಕು ಮುಖದ ಒಂದು ದಾಳ. ಅಂದರೆ ಎರಡೋ ಮೂರೋ ಸಿಗುತ್ತಿತ್ತು. ತೊಗಲಿನ ಕವಚ ಮಾತ್ರ, ಗುರಾಣಿ ಹಿಡಿಯುವ ಹಾಗಿಲ್ಲ. ಮೊದಲ ಲೆವೆಲ್‌ನಲ್ಲಿ ಸದ್ದಿಲ್ಲದೆ ನಡೆಯುವ ಸಾಧ್ಯತೆ ನೂರಕ್ಕೆ 20. ನೆರಳಲ್ಲಿ ಅಡಗುವುದು ನೂರಕ್ಕೆ 10. ಎರಡೂ ಬೇಕು ಅಂತ ಡಿಎಂ, ಅಂದರೆ ಕಥೆ ನಡೆಸಿ ತೀರ್ಪು ಹೇಳುವವನು, ಪಟ್ಟು ಹಿಡಿದರೆ ನೂರು ಸಲ ಹೊಂಚು ಹಾಕಿದರೆ ಎರಡು ಸಲ ಗೆಲ್ಲಬಹುದು, ಅಷ್ಟೇ. ಅವನಿಗೆ ನಿಜವಾಗಿ ಬರುತ್ತಿದ್ದ ಒಂದೇ ವಿದ್ಯೆ ಗೋಡೆ ಹತ್ತುವುದು. ಅದು ನೂರಕ್ಕೆ 87. ಹಾಗಾಗಿ ನನ್ನ ಕಳ್ಳ ಎಲ್ಲಿ ಹೋದರೂ ಮೊದಲು ಮೇಲಕ್ಕೆ ನೋಡುತ್ತಿದ್ದ.

ಒಂದು ರಾತ್ರಿ ಚೆನ್ನಾಗಿ ನೆನಪಿದೆ. ನೆಲದಡಿಯ ಒಂದು ಹಜಾರ. ನಡುವೆ ಬೆಂಕಿ, ಅದರ ಸುತ್ತ ಆರು ಹಾಬ್‌ಗಾಬ್ಲಿನ್‌ಗಳು. ನಾವು ನಾಲ್ಕೇ ಜನ. ಮಂತ್ರಗಾರನ ಹತ್ತಿರ ಇದ್ದ ಒಂದು ಸ್ಲೀಪ್ ಮಂತ್ರ ಆಗಲೇ ಖಾಲಿ. ನೇರವಾಗಿ ನುಗ್ಗಿದರೆ ನಾಲ್ವರಲ್ಲಿ ಇಬ್ಬರಾದರೂ ಸಾಯುವುದು ಖಂಡಿತ. ನಾನು ಡಿಎಂ ಕಡೆ ತಿರುಗಿ, ಚಾವಣಿ ಎಷ್ಟು ಎತ್ತರ ಇದೆ ಅಂತ ಕೇಳಿದೆ. ಇಪ್ಪತ್ತು ಅಡಿ, ಮರದ ತೊಲೆಗಳಿವೆ ಅಂದ. ಅಲ್ಲಿಂದ ಮುಂದಿನ ಅರ್ಧ ಗಂಟೆ ನಾವು ಒಂದು ದಾಳವನ್ನೂ ಮುಟ್ಟಲಿಲ್ಲ. ಬರೀ ಮಾತು. ಯಾವ ಕಂಬ ಹತ್ತಬೇಕು, ಹೊಗೆ ಯಾವ ಕಡೆ ಹೋಗುತ್ತಿದೆ, ಬೆಳಕು ಎಲ್ಲಿವರೆಗೆ ಬೀಳುತ್ತದೆ, ನಾಯಕ ಯಾರು, ಅವನ ಮುಖ ಎತ್ತ ಇದೆ. ಕೊನೆಗೆ ಹತ್ತಿದೆ. ದಾಳ ಒಪ್ಪಿತು. ತೊಲೆಯ ಮೇಲೆ ತೆವಳಿಕೊಂಡು ನಾಯಕನ ಹಿಂದಿನ ಕಂಬದವರೆಗೆ ಹೋದೆ. ಆಗ ಹಜಾರದ ಆಚೆ ತುದಿಯಲ್ಲಿ ನಮ್ಮ ಫೈಟರ್ ತನ್ನ ಗುರಾಣಿಯನ್ನು ಕತ್ತಿಯ ಹಿಡಿಯಿಂದ ಬಡಿಯುವುದಕ್ಕೆ ಶುರು ಮಾಡಿದ. ಆ ಗೆಳೆಯ ಮೇಜನ್ನೇ ಗುದ್ದಿ ತೋರಿಸಿದ. ಡಿಎಂ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ, "ಎಲ್ಲರ ಕಣ್ಣೂ ಅತ್ತ ಕಡೆ ಇದೆ. ಈ ಗದ್ದಲದಲ್ಲಿ ನಿನ್ನ ಹೆಜ್ಜೆ ಕೇಳಲ್ಲ. ಸಪ್ಪಳಕ್ಕೆ ದಾಳ ಬೇಡ. ಇಳಿ."

ಇಳಿದೆ. ಹೊಡೆದೆ. 4 ಅಂಕ ಸೇರಿಸುವ ಮೊದಲೇ ಏಟು ತಾಗಿತ್ತು. ಗಾಯದ ದಾಳ 5 ತೋರಿಸಿತು, ಎರಡು ಪಟ್ಟು ಅಂದರೆ 10. ನಾಯಕ ಬಿದ್ದ. ಆ ನಿಯಮಗಳಲ್ಲಿ ಶತ್ರುಗಳ ಧೈರ್ಯಕ್ಕೂ ಒಂದು ಅಂಕ ಇರುತ್ತದೆ. ಗುಂಪಿನಲ್ಲಿ ಮೊದಲ ಹೆಣ ಬಿದ್ದಾಗ ಡಿಎಂ ಎರಡು ದಾಳ ಉರುಳಿಸಿ ನೋಡಬೇಕು. ಉರುಳಿಸಿದ. ಉಳಿದ ಐವರೂ ಕಾಲಿಗೆ ಬುದ್ಧಿ ಹೇಳಿದರು. ಇಡೀ ಕಾಳಗದಲ್ಲಿ ನಡೆದದ್ದು ಒಂದೇ ಒಂದು ಹೊಡೆತ.

ಈ ಕಥೆಯನ್ನು ಹೇಳಿ ನಿಲ್ಲಿಸಿದರೆ ಹಳೆಯದೇ ಚಂದ ಅನ್ನಿಸುತ್ತದೆ, ಅಲ್ವಾ? ಆದರೆ ಪೂರ್ತಿ ಸತ್ಯ ಹೇಳಬೇಕು. ಅದೇ ಕಳ್ಳನನ್ನು ತಿಂಗಳುಗಟ್ಟಲೆ ಆಡಿದ್ದೇನೆ. ಅಷ್ಟರಲ್ಲಿ ಬ್ಯಾಕ್‌ಸ್ಟ್ಯಾಬ್ ನನಗೆ ಸಿಕ್ಕಿದ್ದು ಮೂರು ಸಲ. ಉಳಿದ ಜಗಳಗಳಲ್ಲಿ ನಾನು ಹಿಂದೆ ನಿಂತು ಕಲ್ಲು ಬೀಸುತ್ತಿದ್ದೆ. ಕವಣೆಯ ಕಲ್ಲು ತಾಗುತ್ತಿದ್ದದ್ದೂ ಅಪರೂಪ. ಇಬ್ಬರು ಗೆಳೆಯರು ಕತ್ತಿ ಝಳಪಿಸುವಾಗ ನನ್ನ ಸರದಿ ಬಂದರೆ "ತಪ್ಪಿತು" ಅನ್ನುವುದಷ್ಟೇ ನನ್ನ ಮಾತು. ಸಂಜೆ ಪೂರ್ತಿ ಹಾಗೆ ಕೂತು ಎದ್ದು ಬಂದ ದಿನಗಳೂ ಇವೆ.

ಹೊಡೆದಾಟಕ್ಕೆ ಬೆಲೆ ಬಂದಾಗ

ಹಾಗಿದ್ದರೂ ಆ ಕಳ್ಳನನ್ನು ಯಾಕೆ ಅಷ್ಟು ದುರ್ಬಲವಾಗಿ ಇಟ್ಟಿದ್ದರು? ಇದಕ್ಕೆ ಉತ್ತರ ಕಳ್ಳನ ಪುಟದಲ್ಲಿ ಇಲ್ಲ, ಅನುಭವದ ಅಂಕ ಕೊಡುವ ಪುಟದಲ್ಲಿದೆ. ಬೇಸಿಕ್ ನಿಯಮದಲ್ಲಿ ಒಂದು ಚಿನ್ನದ ನಾಣ್ಯ ಹೊರಗೆ ತಂದರೆ ಒಂದು ಅಂಕ. ಒಂದು ಆರ್ಕ್‌ನನ್ನು ಕೊಂದರೆ ಬರುವುದು 10 ಅಂಕ, ಅದನ್ನೂ ಎಲ್ಲರೂ ಹಂಚಿಕೊಳ್ಳಬೇಕು. ನೂರು ನಾಣ್ಯದ ಒಂದು ಡಬ್ಬಿ ಹತ್ತು ಆರ್ಕ್‌ಗಳಿಗೆ ಸಮ, ಡಬ್ಬಿ ತಿರುಗಿ ಹೊಡೆಯುವುದೂ ಇಲ್ಲ. ಅಂಥ ಆಟದಲ್ಲಿ ಜಗಳ ಅಂದರೆ ಯೋಜನೆ ಕೆಟ್ಟಿತು ಅಂತ ಅರ್ಥ. ಬೀಗ ತೆಗೆಯುವವನು, ಬಲೆ ಹುಡುಕುವವನು, ಗೋಡೆ ಹತ್ತುವವನು, ಇವನೇ ಅಂಕ ತರುವವನು. ಇದರ ಮೇಲೆ ಕಳ್ಳ 1,200 ಅಂಕಕ್ಕೇ ಎರಡನೇ ಲೆವೆಲ್ ತಲುಪುತ್ತಿದ್ದ. ಫೈಟರ್‌ಗೆ 2,000 ಬೇಕು, ಮಂತ್ರಗಾರನಿಗೆ 2,500. ಜಗಳದಲ್ಲಿ ಅವನು ಕಳೆದುಕೊಂಡದ್ದನ್ನು ಆಟ ಬೇರೆ ಕಡೆ ತುಂಬಿಕೊಡುತ್ತಿತ್ತು.

ಕಾಲ ಕಳೆದ ಹಾಗೆ ಈ ಲೆಕ್ಕ ಬದಲಾಯಿತು. 1989ರ ಎರಡನೇ ಆವೃತ್ತಿಯಲ್ಲಿ ಚಿನ್ನಕ್ಕೆ ಅಂಕ ಕೊಡುವುದು ಬೇಕಿದ್ದವರು ಇಟ್ಟುಕೊಳ್ಳಬಹುದಾದ ನಿಯಮವಾಯಿತು. 2000ದ ಮೂರನೇ ಆವೃತ್ತಿಯ ಹೊತ್ತಿಗೆ ಅಂಕ ಬರುವುದು ಎದುರಾದ ಸವಾಲನ್ನು ಗೆದ್ದಾಗ. ಬಹುಪಾಲು ಮೇಜುಗಳಲ್ಲಿ ಸವಾಲು ಅಂದರೆ ಹೊಡೆದಾಟವೇ. ಜಗಳಗಳು ಉದ್ದವಾದವು. ಐದು ಅಡಿಯ ಚೌಕಗಳಿರುವ ನಕ್ಷೆ ಬಂತು, ಅದರ ಮೇಲೆ ಗೊಂಬೆಗಳು ಬಂದವು. ಒಂದು ಕಾಳಗಕ್ಕೆ ಒಂದು ಗಂಟೆ ಹಿಡಿದರೆ, ಆ ಗಂಟೆಯಲ್ಲಿ ಕವಣೆ ಬೀಸುತ್ತಾ ಕೂರುವವನಿಗೆ ಅನ್ಯಾಯ ಆಗುತ್ತದೆ. ಕಳ್ಳನಿಗೆ ಜಗಳದಲ್ಲಿ ಕೆಲಸ ಕೊಡಲೇಬೇಕಾಯಿತು. ಅವನು ಬಲಿಷ್ಠನಾದದ್ದು ಯಾರೋ ಅವನ ಮೇಲೆ ಪ್ರೀತಿ ತೋರಿಸಿದ್ದರಿಂದ ಅಲ್ಲ. ಅವನ ಕೆಳಗಿನ ನೆಲವೇ ಸರಿದಿತ್ತು.

ಹೆಸರೂ ಆಗಲೇ ಬದಲಾದದ್ದು. ಎರಡನೇ ಆವೃತ್ತಿಯಲ್ಲಿ ರೋಗ್ ಅನ್ನುವುದು ಥೀಫ್ ಮತ್ತು ಬಾರ್ಡ್ (ಹಾಡುಗಾರ) ಇಬ್ಬರಿಗೂ ಮೇಲಿನ ಗುಂಪಿನ ಹೆಸರಾಗಿತ್ತು. ಮೂರನೆಯದರಲ್ಲಿ ಥೀಫ್ ಹೋಗಿ ರೋಗ್ ಅನ್ನುವುದೇ ಪಾತ್ರದ ಹೆಸರಾಯಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಕಳ್ಳ ಹೋಗಿ ಕಿಲಾಡಿ ಬಂದ. ಕಳ್ಳ ಅನ್ನುವುದು ಅವನು ಮಾಡುವ ಕೆಲಸ. ಕಿಲಾಡಿ ಅನ್ನುವುದು ಅವನ ಸ್ವಭಾವ. ಸ್ವಭಾವವನ್ನು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಬಹುದು, ಜಗಳದ ನಡುವಿಗೂ. ಈ ಹೆಸರು ಬದಲಾವಣೆ ಸಣ್ಣದು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಎದುರು ಬದುರು ನಿಂತವರು

ಮೂರನೇ ಆವೃತ್ತಿ ಮಾಡಿದ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಯಾಕೆಂದರೆ ದೊಡ್ಡ ತಿರುವು ಇಲ್ಲೇ ಇದೆ. ಬ್ಯಾಕ್‌ಸ್ಟ್ಯಾಬ್ ಹೋಗಿ ಸ್ನೀಕ್ ಅಟ್ಯಾಕ್ ಬಂತು. ಎರಡು ಪಟ್ಟು ಮೂರು ಪಟ್ಟು ಅನ್ನುವ ಗುಣಾಕಾರ ಹೋಗಿ ಹೆಚ್ಚುವರಿ ದಾಳಗಳು ಬಂದವು. ಮೊದಲ ಲೆವೆಲ್‌ಗೆ ಆರು ಮುಖದ ಒಂದು ದಾಳ, ಆಮೇಲೆ ಎರಡು ಲೆವೆಲ್‌ಗೊಂದು, 19ನೇ ಲೆವೆಲ್‌ಗೆ ಹತ್ತು. ಇದಕ್ಕಿಂತ ಮುಖ್ಯವಾದದ್ದು ಅದು ಯಾವಾಗ ಸಿಗುತ್ತದೆ ಅನ್ನುವುದು. ಮೊದಲು ಶತ್ರುವಿಗೆ ನೀನು ಇರುವುದೇ ಗೊತ್ತಿರಬಾರದಿತ್ತು. ಈಗ ಅವನು ಏಟು ತಪ್ಪಿಸಿಕೊಳ್ಳಲಾರದ ಸ್ಥಿತಿಯಲ್ಲಿದ್ದರೆ ಸಾಕು. ಅದೂ ಬೇಡ, ನೀನು ಒಂದು ಕಡೆ, ನಿನ್ನ ಗೆಳೆಯ ಸರಿಯಾಗಿ ಎದುರು ಕಡೆ ನಿಂತು ಅವನನ್ನು ನಡುವೆ ಸಿಕ್ಕಿಸಿದರೂ ಸಾಕು. ಇದಕ್ಕೆ ಫ್ಲ್ಯಾಂಕಿಂಗ್ ಅನ್ನುತ್ತಾರೆ. ಹಾಗೆ ನಿಂತಷ್ಟು ಹೊತ್ತೂ ಪ್ರತಿ ಏಟಿಗೂ ಆ ದಾಳಗಳು ಸೇರುತ್ತವೆ. ಎರಡು ಕೈಯಲ್ಲಿ ಎರಡು ಕತ್ತಿ ಹಿಡಿದ ಎಂಟನೇ ಲೆವೆಲ್‌ನ ರೋಗ್ ಒಂದೇ ಸರದಿಯಲ್ಲಿ ಮೂರು ಏಟು ಹೊಡೆಯಬಹುದಿತ್ತು. ಮೂರೂ ತಾಗಿದರೆ ಬರೀ ಸ್ನೀಕ್ ಅಟ್ಯಾಕ್‌ನಿಂದಲೇ ಹನ್ನೆರಡು ದಾಳ. ಕಲ್ಲು ಬೀಸುತ್ತಿದ್ದವನ ಕೈಯಲ್ಲಿ ಇಷ್ಟು ದಾಳ ಹಿಡಿಯುವುದೇ ಒಂದು ಸಂಭ್ರಮ.

ಆದರೆ ಆ ಸಂಭ್ರಮಕ್ಕೆ ಒಂದು ಗಡಿ ಇತ್ತು. ಸತ್ತು ಎದ್ದವರು, ಕಲ್ಲು ಮಣ್ಣಿನಿಂದ ಮಾಡಿದ ಗೊಂಬೆಗಳು, ಲೋಳೆಯಂಥ ಜೀವಿಗಳು, ಗಿಡದಂಥವು, ಇವುಗಳಿಗೆ ಸ್ನೀಕ್ ಅಟ್ಯಾಕ್ ನಾಟುತ್ತಲೇ ಇರಲಿಲ್ಲ. ಚುಚ್ಚುವುದಕ್ಕೆ ಮರ್ಮಸ್ಥಾನ ಇಲ್ಲ ಅನ್ನುವುದು ಕಾರಣ. ಕಥೆ ಒಂದು ಸ್ಮಶಾನದೊಳಗೆ ಹೋದರೆ ರೋಗ್ ಮತ್ತೆ ಹಳೆಯ ಕಳ್ಳನ ಹಾಗೆ ಕೈಕಟ್ಟಿ ನಿಲ್ಲಬೇಕಿತ್ತು. ಅದೇ ನಿಯಮಗಳಿಂದ ಕವಲೊಡೆದು 2009ರಲ್ಲಿ ಬಂದ ಪಾಥ್‌ಫೈಂಡರ್ ಅನ್ನುವ ಬೇರೆ ಆಟ ಈ ಬೇಲಿಯ ಬಹುಭಾಗ ಕಿತ್ತುಹಾಕಿತು. ಸರಿಯಾದ ಕೆಲಸ. ಎಲುಬಿನ ಗೂಡಿಗೂ ಸಡಿಲವಾದ ಒಂದು ಕೀಲು ಇದ್ದೇ ಇರುತ್ತದೆ.

2008ರ ನಾಲ್ಕನೇ ಆವೃತ್ತಿ ಏನನ್ನೂ ಮುಚ್ಚಿಡಲಿಲ್ಲ. ಜಗಳದಲ್ಲಿ ಪ್ರತಿ ಪಾತ್ರಕ್ಕೂ ಒಂದು ಹುದ್ದೆ ಕೊಟ್ಟಿತು. ರೋಗ್‌ಗೆ ಸಿಕ್ಕಿದ್ದು ಸ್ಟ್ರೈಕರ್, ಅಂದರೆ ಒಬ್ಬನನ್ನು ಹಿಡಿದು ಜೋರಾಗಿ ಹೊಡೆಯುವವನು. ತುಂಬ ಜನ ಆಗ ಬೈದರು. ನಾನು ಬೈಯಲಿಲ್ಲ. ಎಂಟು ವರ್ಷದಿಂದ ಎಲ್ಲರೂ ಮಾಡುತ್ತಿದ್ದದ್ದನ್ನೇ ಅದು ಬಾಯಿಬಿಟ್ಟು ಹೇಳಿತು, ಅಷ್ಟೇ.

ಗೆಳೆಯ ಬಿದ್ದಾಗ

ಈಗ ನಾವು ಆಡುವುದು 2014ರ ಐದನೇ ಆವೃತ್ತಿ. ಇದರಲ್ಲಿ ಎದುರು ಬದುರು ನಿಲ್ಲುವ ಕಟ್ಟುಪಾಡೂ ಇಲ್ಲ. ಶತ್ರುವಿನ ಪಕ್ಕ ನಮ್ಮವರೊಬ್ಬರು ಇದ್ದರಾಯಿತು, ಯಾವ ಕಡೆ ಇದ್ದರೂ ಸರಿ. ಅದರ ಬದಲಿಗೆ ಒಂದು ಸರದಿಗೆ ಒಂದೇ ಸಲ. ಎರಡನೇ ಲೆವೆಲ್‌ಗೆ ಕನ್ನಿಂಗ್ ಆ್ಯಕ್ಷನ್ ಸಿಗುತ್ತದೆ. ಹೊಡೆದ ಮೇಲೂ ಓಡಬಹುದು, ಜಾರಿಕೊಳ್ಳಬಹುದು, ಅಡಗಬಹುದು. ಐದನೇ ಲೆವೆಲ್‌ಗೆ ಕಣ್ಣಿಗೆ ಕಾಣುವ ಒಂದು ಏಟಿನ ಗಾಯವನ್ನು ಅರ್ಧ ಮಾಡಿಕೊಳ್ಳಬಹುದು. 2024ರ ಪರಿಷ್ಕರಣೆಯಲ್ಲಿ ಇನ್ನೊಂದು ಸೊಗಸಾದ ವಿಷಯ ಸೇರಿದೆ. ಸ್ನೀಕ್ ಅಟ್ಯಾಕ್‌ನ ಒಂದು ದಾಳ ಬಿಟ್ಟುಕೊಟ್ಟರೆ ಶತ್ರುವನ್ನು ಎಡವಿಸಬಹುದು, ವಿಷ ಹಾಕಬಹುದು, ಹೊಡೆದು ಪೆಟ್ಟು ತಿನ್ನದೆ ಹಿಂದೆ ಸರಿಯಬಹುದು. ಇದು ನನಗೆ ಬಹಳ ಇಷ್ಟ. ಗಾಯ ಎಷ್ಟು ಅನ್ನುವುದರ ಜೊತೆಗೆ ಗಾಯದ ಬದಲು ಏನು ಅಂತ ಯೋಚಿಸುವುದು ಕಳ್ಳನ ಬುದ್ಧಿಗೆ ಹೊಂದುತ್ತದೆ.

ಹಾಗಿದ್ದರೂ ಅವಳ ಪ್ರಶ್ನೆಗೆ ಇದ್ಯಾವುದೂ ಉತ್ತರ ಅಲ್ಲ. ಇದರಲ್ಲಿ ಕಳ್ಳತನ ಎಲ್ಲಿದೆ? ತುಂಬ ದಿನ ನನ್ನ ಮನಸ್ಸು ಹೇಳುತ್ತಿದ್ದ ಉತ್ತರ ಒಂದೇ. ಇಲ್ಲ, ಕಳ್ಳತನ ಹೋಯಿತು. ಹಳೆಯ ಕಳ್ಳ ಒಬ್ಬಂಟಿ, ತಾನೇ ಸಮಯ ಹುಡುಕಿ ಹೊಡೆಯುತ್ತಿದ್ದ. ಈಗಿನವನಿಗೆ ಹೊಡೆಯುವುದಕ್ಕೂ ಇನ್ನೊಬ್ಬರ ಆಸರೆ ಬೇಕು. ಹೀಗೇ ಅಂದುಕೊಂಡಿದ್ದೆ. ಅವಳ ಎರಡನೇ ವಾರದ ಆಟ ನೋಡುವವರೆಗೆ.

ಆ ವಾರ ಒಂದು ಸೇತುವೆಯ ಮೇಲೆ ಕಾಳಗ. ಫೈಟರ್ ಮುಂದೆ ಇದ್ದ, ಅವಳು ಅವನ ಪಕ್ಕ. ಎರಡು ಸುತ್ತು ಎಲ್ಲ ಚೆನ್ನಾಗಿತ್ತು. ಮೂರನೆಯದರಲ್ಲಿ ಫೈಟರ್ ಪ್ರಜ್ಞೆ ತಪ್ಪಿ ಬಿದ್ದ. ಅವಳ ಸರದಿ ಬಂತು. ಅಭ್ಯಾಸದಂತೆ ಮೂರು ದಾಳ ಎತ್ತಿಕೊಂಡಳು. ನಾನು ಎರಡನ್ನು ಕೆಳಗಿಡು ಅಂದೆ. ಪಕ್ಕದಲ್ಲಿ ಇರುವವನು ಎಚ್ಚರ ಇದ್ದರೆ ಮಾತ್ರ ಸ್ನೀಕ್ ಅಟ್ಯಾಕ್. ಅವಳು ಕೈಯಲ್ಲಿ ಉಳಿದ ಒಂದು ದಾಳವನ್ನು ನೋಡಿದಳು. ನಕ್ಷೆಯ ಮೇಲೆ ಅಡ್ಡ ಬಿದ್ದಿದ್ದ ಗೊಂಬೆಯನ್ನು ನೋಡಿದಳು. ಓಡಿಹೋಗುವುದಕ್ಕೆ ಅವಳಿಗೆ ಎಲ್ಲ ದಾರಿಯೂ ಇತ್ತು, ಕನ್ನಿಂಗ್ ಆ್ಯಕ್ಷನ್ ಇರುವುದೇ ಅದಕ್ಕೆ. ಅವಳು ಹೊಡೆಯಲೂ ಇಲ್ಲ, ಓಡಲೂ ಇಲ್ಲ. ತನ್ನ ಹತ್ತಿರ ಇದ್ದ ಒಂದೇ ಒಂದು ಔಷಧದ ಸೀಸೆಯನ್ನು ಅವನ ಬಾಯಿಗೆ ಸುರಿದಳು. ಆ ಸರದಿ ಅಲ್ಲಿಗೆ ಮುಗಿಯಿತು, ಶತ್ರುವಿನ ಏಟು ಅವಳ ಮೇಲೇ ಬಿತ್ತು. ಮುಂದಿನ ಸರದಿಯಲ್ಲಿ ಫೈಟರ್ ಎದ್ದು ನಿಂತ. ಅವಳು ಮತ್ತೆ ಮೂರು ದಾಳ ಎತ್ತಿಕೊಂಡಳು. "ಅವನು ನಿಂತ್ರೇನೇ ನನ್ನ ಕತ್ತಿಗೆ ಬಲ," ಅಂದಳು. ಯಾರಿಗೂ ಪಾಠ ಹೇಳುವ ದನಿಯಲ್ಲ. ಲೆಕ್ಕ ಅರ್ಥವಾದವರ ದನಿಯಲ್ಲಿ.

ಮನೆಗೆ ಬಂದ ಮೇಲೆ ನನ್ನ ಹಳೆಯ ಹಜಾರ ನೆನಪಾಯಿತು. ಆ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ತೊಲೆಯ ಮೇಲಿನ ಕಳ್ಳನೇ ಅದರ ನಾಯಕ. ಗುರಾಣಿ ಬಡಿದವನು ಕಥೆಯಲ್ಲಿ ಒಂದು ವಾಕ್ಯ. ಆದರೆ ಅವತ್ತು ಡಿಎಂ ನನ್ನಿಂದ ಸಪ್ಪಳದ ದಾಳ ಕೇಳದೆ ಬಿಟ್ಟದ್ದು ಆ ಗುರಾಣಿಯ ಸದ್ದಿಗೆ. ಆರು ಜನ ಹಾಬ್‌ಗಾಬ್ಲಿನ್‌ಗಳ ಕಣ್ಣು ತನ್ನ ಮೇಲೆ ಬೀಳಲಿ ಅಂತ ಅವನು ಬೆಳಕಿಗೆ ಬಂದು ನಿಂತಿದ್ದ. ಅವನಿಗೂ ಹೆಚ್ಚು ಹಿಟ್ ಪಾಯಿಂಟ್ ಇರಲಿಲ್ಲ. ನೂರಕ್ಕೆ ಎರಡು ಇದ್ದ ನನ್ನ ಸಾಧ್ಯತೆಯನ್ನು ಅವನು ನೂರು ಮಾಡಿಕೊಟ್ಟಿದ್ದ. ಉಳಿದ ಎರಡು ಬ್ಯಾಕ್‌ಸ್ಟ್ಯಾಬ್‌ಗಳನ್ನೂ ನೆನಪು ಮಾಡಿಕೊಂಡೆ. ಒಂದರಲ್ಲಿ ಕ್ಲೆರಿಕ್ ಕಾವಲುಗಾರನನ್ನು ಮಾತಿಗೆಳೆದಿದ್ದ. ಇನ್ನೊಂದರಲ್ಲಿ ಮಂತ್ರಗಾರ ದೀಪ ಆರಿಸಿದ್ದ. ನಾನು ಒಬ್ಬನೇ ಹೊಂಚು ಹಾಕಿ ಹೊಡೆದದ್ದು ಒಂದೂ ಇಲ್ಲ.

ಹಾಗಾದರೆ ಹೊಸ ನಿಯಮ ಕಳ್ಳನಿಂದ ಒಂಟಿತನವನ್ನು ಕಸಿದುಕೊಳ್ಳಲಿಲ್ಲ. ಹಳೆಯ ಮೇಜಿನಲ್ಲಿ ಗೆಳೆಯರು ಮಾತಿನಲ್ಲಿ ಮಾಡುತ್ತಿದ್ದ ಕೆಲಸವನ್ನು ಐದು ಅಡಿ ಅನ್ನುವ ಅಳತೆಯಾಗಿ ಬರೆದಿಟ್ಟಿತು. ಬರೆದಿಟ್ಟಿದ್ದರಿಂದ ಅದು ಪ್ರತಿ ಸುತ್ತಿನಲ್ಲೂ ಸಿಗುತ್ತದೆ, ಡಿಎಂ ಮನಸ್ಸು ಮಾಡಲಿ ಅಂತ ಕಾಯಬೇಕಿಲ್ಲ. ಅದು ನಿಜವಾದ ಲಾಭ. ಹೋದದ್ದು ಆ ಅರ್ಧ ಗಂಟೆಯ ಮಾತು. ಚಾವಣಿ, ಹೊಗೆ, ಬೆಳಕು, ಯಾರ ಮುಖ ಎತ್ತ ಇದೆ ಅನ್ನುವ ವಿಚಾರಣೆ. ಈಗ ಅದನ್ನು ಯಾರೂ ಬೇಡ ಅಂದಿಲ್ಲ. ಕೇಳದಿದ್ದರೂ ದಾಳ ಸಿಗುತ್ತದೆ, ಹಾಗಾಗಿ ಕೇಳುವುದಿಲ್ಲ. ನನಗೆ ಆ ವಿಚಾರಣೆ ಬೇಕು. ಕವಣೆ ಬೀಸುವ ಸಂಜೆಗಳು ಬೇಡ. ಎರಡನ್ನೂ ಒಟ್ಟಿಗೆ ಕೊಡುವ ನಿಯಮ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ.

ಹೋದ ವಾರ ಒಂದು ದಿನದ ಮಟ್ಟಿಗೆ 1981ರ ನಿಯಮದಲ್ಲಿ ಆಡೋಣ ಅಂತ ಕೇಳಿದೆ. ಎಲ್ಲರೂ ಒಪ್ಪಿದರು. ಅವಳು ಮತ್ತೆ ಕಳ್ಳನನ್ನೇ ತೆಗೆದುಕೊಂಡಳು. ನಾಲ್ಕು ಮುಖದ ದಾಳ ಉರುಳಿಸಿದಾಗ 3 ಹಿಟ್ ಪಾಯಿಂಟ್ ಬಂತು. ಹಾಳೆಯಲ್ಲಿ 20, 10 ಅನ್ನುವ ಅಂಕಗಳ ಮೇಲೆ ಬೆರಳಿಟ್ಟು ಎರಡು ಸಲ ಓದಿದಳು. ತಪ್ಪು ಬರೆದಿಲ್ಲ ತಾನೇ ಅಂತ ನನ್ನ ಮುಖ ನೋಡಿದಳು. ಇಲ್ಲ ಅಂದೆ. ಸ್ವಲ್ಪ ಹೊತ್ತು ಯೋಚಿಸಿ, ಆಮೇಲೆ ಫೈಟರ್ ಆಡುವ ಗೆಳೆಯನ ಕಡೆ ಕುರ್ಚಿ ಎಳೆದುಕೊಂಡಳು.

"ನಿನ್ ಹತ್ರ ಗುರಾಣಿ ಇದೆ ಅಲ್ವಾ? ಅದನ್ನ ಎಷ್ಟು ಜೋರಾಗಿ ಬಡಿಯಬಹುದು?"